ಸರ್ವಜ್ಞನನ್ನು ಕೂಡಿಸಿಕೊಟ್ಟ ಪಾದ್ರಿ: ಉತ್ತಂಗಿ ಚನ್ನಪ್ಪ

ಫೋನಲ್ಲಿ ಕ್ಯಾಸನೂರು ಅಂತ ಹುಡುಕಿ ನೋಡಿ, ಮೊದಲು ಬರೋದು ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಈ ಕಾಡಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾದ್ವು, ಜನರಿಗೂ ಜ್ವರ ಬಂತು, ವೈರಸ್ಸಿಗೆ ಊರಿನ ಹೆಸರೇ ಅಂಟಿಕೊಂಡ್ತು. ಊರು ಕೇಳದೇ ಬಂದ ಹೆಸರು ಅದು. ಇವತ್ತು ನಾನು ಹೇಳೋ ಕಥೆ ಇದಕ್ಕೆ ಉಲ್ಟಾ. ಮಾಡಿದ ಕೆಲಸ ಮನೆಮನೆಗೂ ಮುಟ್ಟಿದೆ, ಮಾಡಿದವರ ಹೆಸರು ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ.

ಕ್ಯಾಸನೂರಿಂದ ಶಿಕಾರಿಪುರ ದಾಟಿ ಮುಂದೆ ಹೋದ್ರೆ ಹಾವೇರಿ ಜಿಲ್ಲೆ ಗಡಿ. ಆ ಕಡೆಗೇ ಮಾಸೂರು ಮತ್ತು ಅಬಲೂರು. ಸರ್ವಜ್ಞನ ಊರು ಯಾವುದು ಅಂದ್ರೆ ಜನ ಈ ಎರಡು ಹೆಸರನ್ನೇ ಹೇಳ್ತಾರೆ. ಸರ್ವಜ್ಞ ಯಾರಿಗೆ ಗೊತ್ತಿಲ್ಲ? ಮೂರೇ ಸಾಲು, ಕೊನೆಗೆ ಅವನ ಹೆಸರು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ, ಊರಿನ ಪಂಚಾಯ್ತಿಗಳಲ್ಲಿ ಕೇಳಿದ್ದೀವಿ, ಬೆಳಗ್ಗೆ ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಜೊತೆ ಬರುತ್ತೆ.

ಆದ್ರೆ ಅವನೇ ಕೈಯಾರೆ ಬರೆದಿಟ್ಟ ಪುಸ್ತಕ ಒಂದೂ ನಮಗೆ ಸಿಕ್ಕಿಲ್ಲ. ಮತ್ತೆ ಈ ತ್ರಿಪದಿಗಳು ಪಠ್ಯಪುಸ್ತಕದವರೆಗೆ ಬಂದದ್ದು ಹೇಗೆ? ಇದಕ್ಕೆ ಬಹುಪಾಲು ಉತ್ತರ ಒಂದೇ ಹೆಸರಲ್ಲಿದೆ: ರೆವರೆಂಡ್ ಉತ್ತಂಗಿ ಚನ್ನಪ್ಪ. ಧಾರವಾಡದ ಒಬ್ಬ ಕ್ರೈಸ್ತ ಪಾದ್ರಿ.

ಹುಟ್ಟಿದ್ದು 1881ರಲ್ಲಿ. ಉತ್ತಂಗಿ ಅನ್ನೋದು ಹೂವಿನಹಡಗಲಿ ತಾಲ್ಲೂಕಿನ ಒಂದು ಊರು, ಅದೇ ಮನೆತನದ ಹೆಸರಾಯ್ತು. ಅವರು ಬೆಳೆದದ್ದು, ಪಾದ್ರಿಯಾದದ್ದು ಬಾಸೆಲ್ ಮಿಷನ್ನಿನ ನೆರಳಲ್ಲಿ. ಈ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರ 'ಮಂಗಳೂರ ಸಮಾಚಾರ' ಪತ್ರಿಕೆಯ ಮೋಗ್ಲಿಂಗ್, 1894ರ ನಿಘಂಟಿನ ಕಿಟೆಲ್, ಇಬ್ಬರೂ ಇದೇ ಮಿಷನ್ನಿನವರು. ಅವರನ್ನ ನಾವು ಮರೆತಿಲ್ಲ. ದೂರದಿಂದ ಬಂದು ನಮ್ಮ ಭಾಷೆ ಕಲಿತರಲ್ಲ ಅನ್ನೋ ಬೆರಗು ನಮಗಿದೆ. ಇಲ್ಲೇ ಹುಟ್ಟಿ ಇದೇ ಕೆಲಸ ಮಾಡಿದವರ ಬಗ್ಗೆ ಆ ಬೆರಗು ಹುಟ್ಟೋದಿಲ್ಲ.

ಇಲ್ಲಿ ಒಂದು ಪದ ಬಿಡಿಸಿ ಹೇಳ್ತೀನಿ. ಪ್ರೆಸ್ಬಿಟರ್ ಅನ್ನೋ ಗ್ರೀಕ್ ಮೂಲದ ಮಾತಿಗೆ ಅರ್ಥ 'ಹಿರಿಯ'. ಹಿರಿಯರು ಕೂತು ಸಭೆ ನಡೆಸೋ ಚರ್ಚುಗಳನ್ನ ಪ್ರೆಸ್ಬಿಟೇರಿಯನ್ ಅಂತಾರೆ. ಬಾಸೆಲ್ ಮಿಷನ್ ಆ ಪಂಗಡದ್ದಲ್ಲ, ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಬೆರೆತ ಸಂಸ್ಥೆ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಎಲ್ಲಾ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಆಯ್ತು. ಇವತ್ತಿಗೂ ಅಲ್ಲಿ ಪಾದ್ರಿಗಳನ್ನ ಪ್ರೆಸ್ಬಿಟರ್ ಅಂತಲೇ ಕರೆಯೋದು. ಅಂದ್ರೆ, ಹಿರಿಯರು.

ಈಗ ಉತ್ತಂಗಿಯವರ ಕಾಲಕ್ಕೆ ಬರೋಣ. 1914ರಲ್ಲಿ ಮೊದಲ ಮಹಾಯುದ್ಧ. ಬ್ರಿಟಿಷರಿಗೆ ಜರ್ಮನ್ನರು ಶತ್ರುಗಳು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನ ಹಿಡಿದು ಶಿಬಿರಗಳಲ್ಲಿಟ್ರು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದ್ರು. ಹಂಚು, ಬಟ್ಟೆಯ ಕಾರ್ಖಾನೆಗಳು ಕೈತಪ್ಪಿದ್ವು. ಸಭೆಗಳ ಭಾರ ಊರಿನವರ ಹೆಗಲಿಗೆ ಬಂತು. ಇಂಥ ಕಾಲದಲ್ಲಿ ಒಬ್ಬ ಪಾದ್ರಿ ಬೈಬಲ್ ಬೋಧನೆ ಜೊತೆಜೊತೆಗೇ ಸರ್ವಜ್ಞನ ಪದ್ಯಗಳನ್ನ ಆರಿಸ್ತಾ ಕೂತಿದ್ರು.

ಪುಸ್ತಕ ಬಂದದ್ದು 1924ರಲ್ಲಿ. ಸುಮಾರು 2,000 ತ್ರಿಪದಿಗಳು, ಜೊತೆಗೆ ಕವಿಯ ಕಾಲ, ಊರು, ವಿಚಾರಗಳ ಬಗ್ಗೆ ದೊಡ್ಡ ಪ್ರಸ್ತಾವನೆ. ಅದಕ್ಕೂ ಮುಂಚೆ ಸಣ್ಣಪುಟ್ಟ ಸಂಗ್ರಹಗಳು ಇದ್ದವು. ಇಷ್ಟು ದೊಡ್ಡ ಪ್ರಮಾಣದಲ್ಲಿ ಕೂಡಿಸಿ, ವಿಷಯವಾರು ಜೋಡಿಸಿ ಕೊಟ್ಟದ್ದು ಉತ್ತಂಗಿಯವರು.

ಇದು ಎಷ್ಟು ಕಷ್ಟ ಅಂತ ಸ್ವಲ್ಪ ಯೋಚಿಸಿ. ನಾನು ಓದಿದ್ದು ಬಿ.ಕಾಂ. ಗೋಡೌನಲ್ಲಿ ಎಷ್ಟು ಚೀಲ ಇದೆ ಅಂತ ಎಣಿಸೋದು ಸುಲಭ, ಆಡಿಟ್ ಕಷ್ಟ. ವೋಚರ್ ಇಲ್ಲದ ಎಂಟ್ರಿ ಬಂದ್ರೆ ಏನು ಮಾಡೋದು? ಮೂರು ಸಾಲು ಕಟ್ಟಿ ಕೊನೆಗೆ 'ಸರ್ವಜ್ಞ' ಅಂತ ಸೇರಿಸೋದು ಯಾರು ಬೇಕಾದ್ರೂ ಮಾಡಬಹುದು. ಶತಮಾನಗಳ ಕಾಲ ಜನ ಮಾಡಿದ್ದಾರೆ ಕೂಡ. ಒಂದೇ ಪದ್ಯ ಒಂದು ಓಲೆಗರಿಯಲ್ಲಿ ಒಂದು ಥರ, ಅಜ್ಜಿಯ ಬಾಯಲ್ಲಿ ಇನ್ನೊಂದು ಥರ. ಯಾವುದು ಅಸಲಿ, ಯಾವುದು ಸೇರಿಸಿದ್ದು? ಇವತ್ತಿಗೂ ವಿದ್ವಾಂಸರು ಚರ್ಚೆ ಮಾಡ್ತಾರೆ. ಆ ಚರ್ಚೆಗೆ ಬೇಕಾದ ಲೆಡ್ಜರನ್ನ ಬರೆದಿಟ್ಟವರು ಉತ್ತಂಗಿ.

ಪಕ್ಕದ ರಾಜ್ಯಗಳನ್ನ ನೋಡಿ. ತೆಲುಗಿನ ವೇಮನನನ್ನ 1829ರಲ್ಲಿ ಅಚ್ಚಿಗೆ ತಂದದ್ದು ಬ್ರಿಟಿಷ್ ಅಧಿಕಾರಿ ಸಿ.ಪಿ. ಬ್ರೌನ್. ತಮಿಳಿನ ತಿರುಕ್ಕುರಳನ್ನ 1886ರಲ್ಲಿ ಇಂಗ್ಲಿಷಿಗೆ ತಂದದ್ದು ಜಿ.ಯು. ಪೋಪ್ ಅನ್ನೋ ಮಿಷನರಿ. ಇಬ್ಬರ ಹೆಸರೂ ಆ ಕವಿಗಳ ಜೊತೆಗೇ ಓಡಾಡುತ್ತೆ. 2009ರಲ್ಲಿ ಬೆಂಗಳೂರಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣ ಆಯ್ತಲ್ಲ, ದೊಡ್ಡ ಸುದ್ದಿ. ಆ ಗದ್ದಲದಲ್ಲಿ ಉತ್ತಂಗಿ ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿತ್ತು?

ಅವರ ಕೆಲಸ ಸರ್ವಜ್ಞನಿಗೇ ನಿಲ್ಲಲಿಲ್ಲ. ಅಲ್ಲಮಪ್ರಭು ಹುಟ್ಟಿದ ಬಳ್ಳಿಗಾವಿ ನಮ್ಮ ಶಿಕಾರಿಪುರ ತಾಲ್ಲೂಕಲ್ಲೇ ಇದೆ. ಕಲ್ಯಾಣದ ಅನುಭವ ಮಂಟಪದಲ್ಲಿ ಶೂನ್ಯಪೀಠ ಏರಿದವರು ಅಲ್ಲಮ ಅಂತ ಕೇಳಿರ್ತೀರಿ. ಆ ಮಂಟಪ ನಿಜವಾಗ್ಲೂ ಇತ್ತಾ, ಬರೀ ಕಲ್ಪನೆಯಾ ಅನ್ನೋ ವಾದ ಎದ್ದಾಗ, ಇತ್ತು ಅಂತ ಆಧಾರ ಜೋಡಿಸಿ ಪುಸ್ತಕ ಬರೆದವರು ಈ ಪಾದ್ರಿ. ವಚನಗಳ ಸಂಪಾದನೆಯನ್ನೂ ಮಾಡಿದ್ರು. ಹಾಗಂತ ತಮ್ಮ ನಂಬಿಕೆ ಬಿಟ್ಟವರಲ್ಲ. ಯೇಸುವನ್ನ ನಂಬ್ತಾನೇ ಅಲ್ಲಮನನ್ನ ಓದಿದ್ರು. ಒಂದಕ್ಕೆ ಇನ್ನೊಂದು ಅಡ್ಡ ಬರುತ್ತೆ ಅಂತ ಅವರಿಗೆ ಅನಿಸಲಿಲ್ಲ. ಯಾರ ಪರಂಪರೆ ಯಾರದ್ದು ಅಂತ ದಿನಾ ಕಾಮೆಂಟಲ್ಲಿ ಜಗಳ ಆಡೋ ನಮಗೆ ಇದು ಗೊತ್ತಿರಬೇಕು.

ಆ ಕಾಲದ ಕನ್ನಡಿಗರಿಗೆ ಗೊತ್ತಿತ್ತು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಕರ್ನಾಟಕ ಒಂದಾಗೋಕೆ ಇನ್ನೂ ಏಳು ವರ್ಷ ಬಾಕಿ. ಆ ಸಮ್ಮೇಳನದ ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1962ರಲ್ಲಿ ತೀರಿಕೊಂಡ್ರು.

ಪಾದ್ರಿಯ ಬದುಕಲ್ಲಿ ಹೆಚ್ಚಿನ ಕೆಲಸ ಕಾಣಿಸೋದಿಲ್ಲ. ಭಾನುವಾರದ ಬೋಧನೆ, ಮದುವೆ, ಮಣ್ಣು, ಕಾಯಿಲೆಯವರ ಮನೆಗೆ ಭೇಟಿ. ಅವೆಲ್ಲ ಆ ಜನರ ಜೊತೆಗೇ ಹೋಗುತ್ತೆ. ಉತ್ತಂಗಿಯವರ ವಿಷಯದಲ್ಲಿ ಉಳಿದದ್ದು ಬೇರೆಯವರ ಮಾತಿಗೆ ಅವರು ಕೊಟ್ಟ ಕಿವಿ. ಬೇರೆಯವರ ಮಾತು ಉಳಿಸೋ ಕೆಲಸದಲ್ಲಿ ಒಂದು ನಷ್ಟ ಇದೆ: ಮಾತು ಉಳಿಯುತ್ತೆ, ಉಳಿಸಿದವನ ಹೆಸರು ಅಳಿಯುತ್ತೆ. ಆ ನಷ್ಟವನ್ನ ತುಂಬಿಕೊಡೋದು ಓದೋರ ಕೆಲಸ.

ಅದಕ್ಕೇ ಎರಡು ಮಾತು. ಮುಂದಿನ ಸಲ ಸರ್ವಜ್ಞನ ಪದ್ಯ ಫಾರ್ವರ್ಡ್ ಆಗಿ ಬಂದ್ರೆ, ಲೈಬ್ರರಿಯಲ್ಲಿ ಉತ್ತಂಗಿಯವರ ಸಂಗ್ರಹ ಇದೆಯಾ ಕೇಳಿ, ಇದ್ರೆ ಆ ಪದ್ಯ ಅದರಲ್ಲಿ ಇದೆಯಾ ನೋಡಿ. ಇನ್ನೊಂದು, ನಿಮ್ಮ ಮನೆಯ ಹಿರಿಯರಿಗೆ ತ್ರಿಪದಿ, ಸೋಬಾನೆ ಪದ, ಗಾದೆ ಏನೇ ಗೊತ್ತಿರಲಿ, ಈ ವಾರ ಅವರ ಪಕ್ಕ ಕೂತು ರೆಕಾರ್ಡ್ ಮಾಡಿ. ಹೇಳಿದವರ ಹೆಸರು, ಊರು, ದಿನಾಂಕ ಬರೆದಿಡಿ. ಉತ್ತಂಗಿಯವರ ಕೈಯಲ್ಲಿ ಇದ್ದದ್ದು ಬರೀ ಲೇಖನಿ. ನಿಮ್ಮ ಜೇಬಲ್ಲಿ ರೆಕಾರ್ಡರೇ ಇದೆ.

ಮುಂದಿನ ಕಂತಲ್ಲಿ ಸಿಗೋಣ.