ಅಡುಗೆಮನೆಯ ಈರುಳ್ಳಿ ನೆಟ್ಟರೆ ನೇರಳೆ ಚೆಂಡು ಹೂ ಬಿಡುತ್ತದೆಯೇ?

"ಮೊಳಕೆ ಬಂದ ಈರುಳ್ಳಿ ಎಸೆಯಬೇಡಿ, ಕುಂಡದಲ್ಲಿ ನೆಡಿ, ಒಂದೇ ತಿಂಗಳಲ್ಲಿ ಹೀಗೆ ಹೂ ಬಿಡುತ್ತದೆ." ಇಂಥ ಸಂದೇಶ, ಅದರ ಜೊತೆಗೆ ಎದೆಯೆತ್ತರದ ದಂಟಿನ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ನೇರಳೆ ಹೂಚೆಂಡಿನ ಫೋಟೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅಂಥ ಹೂ ಇರುವುದು ನಿಜ, ಅದು ಈರುಳ್ಳಿಯ ಬಳಗದ್ದೇ. ಆದರೆ ನಿಮ್ಮ ಬುಟ್ಟಿಯಲ್ಲಿರುವ ಈರುಳ್ಳಿಯಿಂದ ಅದು ಬರುವುದಿಲ್ಲ. ಅದನ್ನೇ ಹೋಲುವ ಇನ್ನೊಂದು ಗಿಡ ನಮ್ಮ ಅಂಗಳಗಳಲ್ಲಿದೆ, ಅದರ ಗಡ್ಡೆ ವಿಷ. ಫಾರ್ವರ್ಡ್ ಮಾಡುವ ಮೊದಲು ಅದನ್ನು ತಿಳಿದಿರುವುದು ಒಳ್ಳೆಯದು.

ಫೋಟೊದಲ್ಲಿರುವುದು ಯಾವ ಗಿಡ?

ಈರುಳ್ಳಿ, ಬೆಳ್ಳುಳ್ಳಿ ಎರಡೂ 'ಆಲಿಯಂ' ಎಂಬ ಕುಲದ ಸಸ್ಯಗಳು. ಈ ಕುಲದಲ್ಲಿ ನೂರಾರು ಪ್ರಭೇದಗಳಿವೆ. ಅವುಗಳಲ್ಲಿ ಕೆಲವನ್ನು ಹೂವಿಗಾಗಿಯೇ ಬೆಳೆಸುತ್ತಾರೆ. ಫೋಟೊಗಳಲ್ಲಿ ಹೆಚ್ಚಾಗಿ ಕಾಣುವುದು ಆಲಿಯಂ ಗಿಗಾಂಟಿಯಂ ಅಥವಾ 'ಪರ್ಪಲ್ ಸೆನ್ಸೇಶನ್', 'ಗ್ಲೋಬ್‌ಮಾಸ್ಟರ್'ನಂಥ ತಳಿಗಳು. ಇಂಥ ಹಲವು ಗಿಡಗಳ ಮೂಲ ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿ ಕೊರೆಯುವ ಚಳಿಗಾಲ, ಒಣ ಬೇಸಿಗೆ. ಗಡ್ಡೆಯ ಸ್ವಭಾವವೆಲ್ಲ ಈ ಎರಡಕ್ಕೆ ಹೊಂದಿಕೊಂಡದ್ದು.

ಬ್ರಿಟನ್, ನೆದರ್ಲೆಂಡ್ಸ್‌ಗಳಲ್ಲಿ ಇದರ ಆರೈಕೆ ಸುಲಭ. ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ, ಗಡ್ಡೆಯ ಎತ್ತರದ ಮೂರ್ನಾಲ್ಕು ಪಟ್ಟು ಆಳದಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ನೆಡುತ್ತಾರೆ. ಚಳಿಗಾಲವೆಲ್ಲ ಗಡ್ಡೆ ಮಣ್ಣಿನೊಳಗೇ ಇರುತ್ತದೆ. ಹೂ ಮೇ–ಜೂನ್‌ನಲ್ಲಿ ಬರುತ್ತದೆ. ಹೂವಿನ ಹೊತ್ತಿಗೆ ಎಲೆ ಒಣಗತೊಡಗುತ್ತದೆ. ಅಸಹ್ಯವಾಗಿ ಕಾಣುತ್ತದೆಂದು ಹಸಿರೆಲೆಯನ್ನು ಕತ್ತರಿಸಬಾರದು, ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರ ಆ ಎಲೆಯಿಂದಲೇ ಗಡ್ಡೆಗೆ ಇಳಿಯಬೇಕು.

ನಮ್ಮಲ್ಲಿ ಬೆಳೆಯುತ್ತದೆಯೇ?

ಬಯಲುಸೀಮೆಯಲ್ಲಿ, ಕರಾವಳಿಯಲ್ಲಿ ಇಲ್ಲ ಎನ್ನುವುದೇ ಸರಿಯಾದ ಉತ್ತರ. ಹೂ ಬರಲು ಗಡ್ಡೆಗೆ ಹಲವು ವಾರಗಳ ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಕೆಲವರು ಗಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಎರಡು-ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಪ್ರಯತ್ನಿಸುತ್ತಾರೆ. (ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ.) ಹಾಗೆ ಒಮ್ಮೆ ಹೂ ಬಂದರೂ ನಮ್ಮ ಮಳೆಗಾಲದ ಒದ್ದೆ ಮಣ್ಣಿನಲ್ಲಿ ಗಡ್ಡೆ ಕೊಳೆಯುವ ಸಾಧ್ಯತೆಯೇ ಹೆಚ್ಚು. ಆನ್‌ಲೈನ್‌ನಲ್ಲಿ 'ಜೈಂಟ್ ಆಲಿಯಂ ಬೀಜ' ಎಂದು ಮಾರುವುದನ್ನು ಕೊಳ್ಳುವ ಮುನ್ನ ಯೋಚಿಸಿ. ಬೀಜ ಅಸಲಿಯೇ ಆಗಿದ್ದರೂ ಹೂ ನೋಡಲು ಕೆಲವು ವರ್ಷ ಕಾಯಬೇಕು. ಒಂದೇ ಚೆಂಡಿನಲ್ಲಿ ಕಾಮನಬಿಲ್ಲಿನ ಏಳೂ ಬಣ್ಣ ತೋರಿಸುವ ಫೋಟೊ ಇದ್ದರಂತೂ ಅದು ಎಡಿಟ್ ಮಾಡಿದ್ದು.

ಮನೆಯ ಈರುಳ್ಳಿಯೂ ಹೂ ಬಿಡುತ್ತದೆ, ಆದರೆ ಬಿಳಿ ಹೂ. ನಮ್ಮನ್ನು ಕೇಳಿದರೆ ಅದೇನೂ ಕಡಿಮೆ ಚಂದವಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಗಟ್ಟಿಯಾದ, ಮೊಳಕೆ ಬಂದ ಗಡ್ಡೆಯನ್ನು ಆರಿಸಿ. ಮರಳು ಬೆರೆಸಿದ ಮಣ್ಣು ತುಂಬಿದ, ತಳದಲ್ಲಿ ತೂತಿರುವ ಕುಂಡದಲ್ಲಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಎಲೆಯ ಮೇಲೆ ಬೆಳ್ಳಿಯಂಥ ಗೀರು ಕಂಡರೆ ಅದು ಥ್ರಿಪ್ಸ್ ಕೀಟದ ಕೆಲಸ. ಕೆಲವು ವಾರಗಳ ನಂತರ ಟೊಳ್ಳು ದಂಟು ಎದ್ದು, ತುದಿಯ ತೆಳು ಪೊರೆ ಒಡೆದು, ನೂರಾರು ಪುಟ್ಟ ಹೂಗಳು ಹೊರಬರುತ್ತವೆ. ಜೇನುನೊಣ ಬರುತ್ತದೆ. ಚಳಿ ತೀರಾ ಕಡಿಮೆಯಾದ ವರ್ಷ ಹೂ ಬರದೆಯೂ ಇರಬಹುದು. ಹೂ ಬಿಟ್ಟ ಗಡ್ಡೆ ಅಡುಗೆಗೆ ಉಪಯೋಗವಿಲ್ಲ, ಅದರ ಸಾರವೆಲ್ಲ ಹೂವಿಗೆ ಹೋಗಿರುತ್ತದೆ.

ನೇರಳೆಯೇ ಬೇಕೆಂದರೆ ನರ್ಸರಿಯಲ್ಲಿ 'ಸೊಸೈಟಿ ಗಾರ್ಲಿಕ್' ಕೇಳಿ. ದಕ್ಷಿಣ ಆಫ್ರಿಕಾ ಮೂಲದ ಈ ಗಿಡ ಆಲಿಯಂ ಅಲ್ಲ, ಹತ್ತಿರದ ಸಂಬಂಧಿ. ಹೂ ಚಿಕ್ಕದು, ಆದರೆ ಅದಕ್ಕೆ ಕೊರೆಯುವ ಚಳಿ ಬೇಕಿಲ್ಲ.

ಈರುಳ್ಳಿಯಂತೆ ಕಾಣುವ ವಿಷದ ಗಡ್ಡೆ

ಪ್ರತಿ ಬೇಸಿಗೆಯ ಕೊನೆಗೆ, ಮೊದಲ ಮಳೆ ಬೀಳುವ ಹೊತ್ತಿಗೆ, ಕರ್ನಾಟಕದ ಅನೇಕ ಮನೆಗಳ ಅಂಗಳದಲ್ಲಿ ಕೆಂಪು ಚೆಂಡಿನ ಹೂ ಅರಳುತ್ತದೆ. ಹಲವರು ಅದನ್ನು ಮೇ ಫ್ಲವರ್ ಎನ್ನುತ್ತಾರೆ, ನರ್ಸರಿಯವರು ಫುಟ್‌ಬಾಲ್ ಲಿಲಿ ಎನ್ನುತ್ತಾರೆ. ಫೋಟೊದ ಆಲಿಯಂಗೂ ಇದಕ್ಕೂ ಆಕಾರದಲ್ಲಿ ಅಷ್ಟು ಹೋಲಿಕೆಯಿದೆ. "ಇದೂ ಈರುಳ್ಳಿ ಜಾತಿಯದ್ದೇ" ಎಂದುಕೊಂಡರೆ ಅಪಾಯ. ಆಫ್ರಿಕಾ ಮೂಲದ ಈ ಗಿಡದ ಗಡ್ಡೆಯಲ್ಲಿ ಲೈಕೋರಿನ್ ಮುಂತಾದ ವಿಷಕಾರಿ ಆಲ್ಕಲಾಯ್ಡ್‌ಗಳಿವೆ. ಆಫ್ರಿಕಾದ ಕೆಲವೆಡೆ ಇದನ್ನು ಬಾಣಕ್ಕೆ ಹಚ್ಚುವ ವಿಷದಲ್ಲಿ ಬಳಸುತ್ತಿದ್ದರು. ಮಳೆ ಬಂದ ಮರುದಿನ ಗುಲಾಬಿ, ಬಿಳಿ ಹೂ ಬಿಡುವ ರೇನ್ ಲಿಲಿಯಲ್ಲೂ ಲೈಕೋರಿನ್ ಇದೆ. ಅದರ ಗಡ್ಡೆ ಥೇಟ್ ಸಾಂಬಾರ್ ಈರುಳ್ಳಿ, ಎಲೆ ಈರುಳ್ಳಿ ಸೊಪ್ಪಿನಂತೆಯೇ. ತಿಂದರೆ ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆಂದು ನಂಬಬೇಡಿ.

ಗುರುತಿಸಲು ಮೂಗು ಸಾಕು. ತೊಳೆದ ಕೈಯಿಂದ ಎಲೆ ಹಿಸುಕಿ ಮೂಸಿ. ಈರುಳ್ಳಿಯ ಘಾಟು ಇಲ್ಲದಿದ್ದರೆ ಅದು ಈರುಳ್ಳಿಯಲ್ಲ, ಬಾಯಿಗೆ ಹಾಕಬೇಡಿ. ಘಾಟು ಇದೆ ಎಂದ ಮಾತ್ರಕ್ಕೆ ಅಲಂಕಾರಕ್ಕೆಂದು ಕೊಂಡ ಗಡ್ಡೆಯನ್ನೂ ತಿನ್ನಬಾರದು, ಅದಕ್ಕೆ ಶಿಲೀಂಧ್ರನಾಶಕ ಸವರಿರಬಹುದು. ಗಡ್ಡೆಗಳನ್ನು ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕ ಒಣಗಿಸಲು ಇಡಬೇಡಿ. ಮಗು ತಿಂದಿದೆ ಎಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ, ಉಳಿದ ಗಡ್ಡೆ ಮತ್ತು ಎಲೆ ಸಮೇತ ಆಸ್ಪತ್ರೆಗೆ ಹೋಗಿ.

ನಾಯಿ, ಬೆಕ್ಕು ಇರುವ ಮನೆಯವರಿಗೆ ನಿಜವಾದ ಈರುಳ್ಳಿಯೂ ಸುರಕ್ಷಿತವಲ್ಲ. ಆಲಿಯಂ ಗಿಡಗಳಲ್ಲಿರುವ ಗಂಧಕದ ಸಂಯುಕ್ತಗಳು ಅವುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ಹಸಿ, ಬೇಯಿಸಿದ್ದು, ಪುಡಿ ಎಲ್ಲವೂ ಒಂದೇ. ತಿಂದ ದಿನವೇ ಏನೂ ಕಾಣದಿರಬಹುದು. ಸುಸ್ತು, ಬಿಳಿಚಿದ ವಸಡು, ಗಾಢ ಬಣ್ಣದ ಮೂತ್ರ ಕೆಲವು ದಿನಗಳ ನಂತರ ಕಾಣಿಸಿಕೊಳ್ಳುತ್ತವೆ. ಹೂವಿಗೆಂದು ನೆಟ್ಟ ಈರುಳ್ಳಿ ಕುಂಡವನ್ನು ಅವುಗಳ ಬಾಯಿಗೆ ಸಿಗದ ಕಡೆ ಇಡಿ.