ತುಂಗಭದ್ರಾ ಜಲಾಶಯದ ದಡ: ಉದ್ಯಾನ, ಮರಳು, ಕ್ಯಾಂಪು

ವಿಜಯನಗರ ಜಿಲ್ಲೆಯ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯವಿದೆ. ಅಣೆಕಟ್ಟೆಯ ಬಲದಂಡೆಯಲ್ಲಿ ಕಾರಂಜಿಯುಳ್ಳ ಉದ್ಯಾನವೂ, ಗುಡ್ಡದ ಮೇಲೆ ವೈಕುಂಠ ಅತಿಥಿಗೃಹವೂ, ಎಡದಂಡೆಯ ಮುನಿರಾಬಾದಿನಲ್ಲಿ ಪಂಪಾವನವೂ ಇವೆ. ಆದೋನಿಯಿಂದ ಗುಂತಕಲ್ಲು, ಬಳ್ಳಾರಿ ಮಾರ್ಗವಾಗಿ ರೈಲಿನಲ್ಲಿ ಹೊಸಪೇಟೆಯನ್ನು ತಲುಪಬಹುದು.

ನಮ್ಮ ಮಕ್ಕಳಿಗೆ ಇದು ಪರವೂರಿನ ಕೆರೆಯಲ್ಲ. 1945ರ ಫೆಬ್ರವರಿ 28ರಂದು ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳು ಇದಕ್ಕೆ ಅಡಿಗಲ್ಲು ಹಾಕಿದಾಗ ಆದೋನಿಯೂ ಹೊಸಪೇಟೆಯೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ಹೊಸಪೇಟೆ ಮೈಸೂರಿಗೆ ಹೋಯಿತು. ಗಡಿ ಬದಲಾದರೂ ಕಾಲುವೆ ನಿಲ್ಲಲಿಲ್ಲ. ಕೆಳಮಟ್ಟದ ಕಾಲುವೆ ಇಂದಿಗೂ ಆದೋನಿ ಸೀಮೆಗೆ ನೀರು ತರುತ್ತಿದೆ.

ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ವಿಶಾಲವಾದ ದಡ ತೆರೆದುಕೊಳ್ಳುತ್ತದೆ. ಅಲ್ಲಿ ಕಾಣುವುದು ಕಡಲತೀರದ ಮರಳಲ್ಲ, ಬಹುಪಾಲು ನದಿ ಹೊತ್ತು ತಂದ ಹೂಳು. ಆರಂಭದಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳಿನಿಂದ ಸುಮಾರು 105.8 ಟಿಎಂಸಿಗೆ ಇಳಿದಿದೆ. ಕೆಳಮಟ್ಟದ ಕಾಲುವೆಯಲ್ಲಿ ಆಂಧ್ರಕ್ಕೆ ನಿಗದಿಯಾದ ಪಾಲು 24 ಟಿಎಂಸಿ. ಹೂಳು ನುಂಗಿದ್ದು ಅದಕ್ಕಿಂತ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಎರಡೂ ರಾಜ್ಯಗಳ ರೈತರು ಒಟ್ಟಿಗೇ ಆತಂಕಪಟ್ಟರು.

ನಿಜವಾದ ಮರಳದಿಬ್ಬಗಳನ್ನು ನೋಡಬೇಕೆಂದರೆ ತುಂಗಭದ್ರೆಯ ಉಪನದಿಯಾದ ಹಗರಿಯ ದಡಕ್ಕೆ ಹೋಗಬೇಕು. ರಾಯದುರ್ಗ ಸೀಮೆಯ ಬೊಮ್ಮನಹಾಳ್, ಕಣೇಕಲ್ ಭಾಗದಲ್ಲಿ ಒಣಗಿದ ನದೀಪಾತ್ರದ ಮರಳನ್ನು ಗಾಳಿ ಎತ್ತಿ ಹೊಲಗಳ ಮೇಲೆ ಸುರಿಯುತ್ತದೆ. ಪ್ರವಾಸಿಗೆ ಸೊಬಗಾಗಿ ಕಾಣುವ ಆ ದಿಬ್ಬ ರೈತನಿಗೆ ಕಳೆದುಹೋದ ಹೊಲ.

ಇನ್ನು ‘ಕ್ಯಾಂಪು’. ಬೇರೆಡೆ ಈ ಮಾತಿಗೆ ಡೇರೆಯ ಬಿಡಾರವೆಂದರ್ಥ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ, ಅಣೆಕಟ್ಟೆಯ ನೀರನ್ನು ನಂಬಿ ಕರಾವಳಿ ಆಂಧ್ರದಿಂದ ಬಂದ ತೆಲುಗು ರೈತರು ಕಟ್ಟಿಕೊಂಡ ಊರುಗಳಿಗೇ ಕ್ಯಾಂಪು ಎಂಬ ಹೆಸರು. ಅವರು ಗಡಿ ದಾಟಿ ಬಂದವರು. ನಾವು ಇದ್ದಲ್ಲೇ ಇದ್ದೆವು, ಗಡಿಯೇ ನಮ್ಮನ್ನು ದಾಟಿತು. ಮನೆಯಲ್ಲೊಂದು ನುಡಿ, ಕಚೇರಿಯಲ್ಲೊಂದು ನುಡಿ ಎಂಬ ಅನುಭವ ಇಬ್ಬರಿಗೂ ಹೊಸದಲ್ಲ.

ಶಾಲೆಗಳಿಗೆ ಕೆಲವು ಸೂಚನೆಗಳು: ಅನುಮತಿಯಿಲ್ಲದೆ ದಡದಲ್ಲಿ ಡೇರೆ ಹಾಕಬಾರದು. ಮೇಲೆ ಒಣಗಿದಂತೆ ಕಾಣುವ ಹೂಳಿನಲ್ಲಿ ಕಾಲು ಹೂತುಹೋಗಬಹುದು. ಮಕ್ಕಳನ್ನು ನೀರಿಗೆ ಇಳಿಸಬಾರದು. ಅಣೆಕಟ್ಟೆಯ ಕೆಳಗಿನ ನದಿಯಲ್ಲಿ ಮೊಸಳೆಗಳೂ ಇವೆ.

ಹೊರಡುವ ಮುನ್ನ ಮಕ್ಕಳಿಂದ ಕಾಲುವೆಯ ನಕ್ಷೆಯನ್ನು ಬರೆಯಿಸಿ, ಊರುಗಳ ಹೆಸರನ್ನು ಕನ್ನಡದಲ್ಲಿ ಗುರುತಿಸಲು ಹೇಳಿ. ತಮ್ಮ ಊರಿನ ನೀರು ಎಲ್ಲಿಂದ ಬರುತ್ತದೆಂಬುದನ್ನು ತಾಯ್ನುಡಿಯಲ್ಲೇ ವಿವರಿಸಬಲ್ಲ ಮಗುವಿಗೆ ಆ ಕೆರೆಯೂ ತನ್ನದು, ಆ ನುಡಿಯೂ ತನ್ನದು.