ಪ್ಲೇಟಿನ ಸಂಗೀತವೂ ಕೇಳುಗರ ಗೋಷ್ಠಿಯೂ

ಸಂಗೀತವನ್ನು ಕೇಳುವುದು ಎಷ್ಟು ಸುಖವೋ, ಕೇಳಿದುದನ್ನು ಸಹೃದಯರೊಡನೆ ಕುಳಿತು ಮೆಲುಕುಹಾಕುವುದೂ ಅಷ್ಟೇ ಸುಖ. ಕಚೇರಿಗೆ ಮಂಗಳವಾದೊಡನೆ ರಸಿಕರು ನೇರವಾಗಿ ಮನೆಗೆ ಹೋಗುವುದುಂಟೆ? ಜಗಲಿಯ ಮೇಲೋ ಬೀದಿಯ ತಿರುವಿನಲ್ಲೋ ನಿಂತು, ಆಲಾಪನೆ ಹೇಗಿತ್ತು, ಪಲ್ಲವಿ ಹೇಗೆ ನಡೆಯಿತು, ಪಿಟೀಲಿನವರು ಎಷ್ಟು ಒತ್ತಾಸೆಯಾಗಿದ್ದರು ಎಂದು ನಾಲ್ಕು ಮಾತನಾಡಿಯೇ ಹೋಗುವರು. ಗ್ರಾಮಫೋನು ಬಂದಮೇಲೆ ಈ ಗೋಷ್ಠಿಯ ರೀತಿಯೇ ಬೇರೆಯಾಯಿತು. ಅದರಿಂದ ನಮಗಾದ ಲಾಭವೇನು, ನಷ್ಟವೇನು, ಕೇಳುಗರಾದ ನಮ್ಮ ಕರ್ತವ್ಯವೇನು ಎಂಬುದನ್ನು ಕೊಂಚ ವಿಚಾರಮಾಡೋಣ.

1902ನೆಯ ಇಸವಿಯ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಣ ತಜ್ಞರು ಕಲ್ಕತ್ತೆಗೆ ಬಂದು, ಅಲ್ಲಿನ ಪ್ರಖ್ಯಾತ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡರು. ಮೇಣದ ಮೇಲೆ ಕೊರೆದ ಆ ಮೂಲಮುದ್ರಿಕೆಗಳು ಸಮುದ್ರವನ್ನು ದಾಟಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ, ಪ್ಲೇಟುಗಳಾಗಿ ನಮ್ಮ ದೇಶಕ್ಕೆ ಹಿಂದಿರುಗಿದುವು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುವುದನ್ನು ಆ ಪ್ಲೇಟುಗಳಲ್ಲಿ ಇಂದಿಗೂ ಕೇಳಬಹುದು. ನಮ್ಮ ಭಾಷೆಯನ್ನರಿಯದ ದೂರದ ಕಾರ್ಖಾನೆಯವರು ಯಾವ ಪ್ಲೇಟು ಯಾರದೆಂದು ಗುರುತಿಸುವುದಕ್ಕೆ ಮಾಡಿಕೊಂಡಿದ್ದ ಏರ್ಪಾಡು ಅದು.

ಇದರಿಂದಾದ ಮಹದುಪಕಾರವನ್ನು ಅಲ್ಲಗಳೆಯುವಂತಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಂತಹ ಹೋಬಳಿಯ ಊರನ್ನು ಮನಸ್ಸಿಗೆ ತಂದುಕೊಳ್ಳೋಣ. ಅಲ್ಲಿನ ಸಂಗೀತಾಭಿಮಾನಿಗೆ ಮೈಸೂರರಮನೆಯ ವಿದ್ವಾಂಸರ ಗಾನವು ದೊರೆಯುವ ಬಗೆ ಹೇಗೆ? ದರ್ಬಾರಿಗೆ ಆಹ್ವಾನವಿರಬೇಕು, ಇಲ್ಲವೇ ಬೆಂಗಳೂರಿನವರೆಗೆ ಪ್ರಯಾಣಮಾಡಿ, ಉತ್ಸವದ ಕಚೇರಿಗಾಗಿ ಕಾದಿರಬೇಕು. ಕೀಲಿ ತಿರುಗಿಸಿ ನಡೆಸುವ ಗ್ರಾಮಫೋನಿಗಾದರೋ ವಿದ್ಯುಚ್ಛಕ್ತಿಯೂ ಬೇಡ, ಆಹ್ವಾನಪತ್ರಿಕೆಯೂ ಬೇಡ. ಅರಮನೆಯ ತೊಟ್ಟಿಯೊಳಗಿದ್ದ ಗಾನವನ್ನು ಹಳ್ಳಿಯ ಪಡಸಾಲೆಗೆ ತರಬಲ್ಲ ಸಾಧನವು ಅದು. ಒಂದೇ ಹಾಡನ್ನು ಹತ್ತು ಸಲ ಕೇಳುವ ಭಾಗ್ಯವು ಹಿಂದೆ ದೊರೆಗಳಿಗೂ ಇರಲಿಲ್ಲ.

ಆದರೆ ಪ್ಲೇಟು ಹೇಳುವುದೆಲ್ಲವೂ ಪೂರ್ಣಸತ್ಯವಲ್ಲ. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ಗಂಟೆಗಟ್ಟಲೆ ಬೆಳೆಯಬೇಕಾದ ರಾಗವನ್ನು ವಿದ್ವಾಂಸರು ಅಷ್ಟರಲ್ಲಿ ಮಡಿಸಿಡಬೇಕಾಗಿತ್ತು. 1925ರ ಸುಮಾರಿಗೆ ಮೈಕ್ರೊಫೋನಿನ ಮುದ್ರಣವು ಬರುವವರೆಗೆ, ಅವರು ತಗಡಿನ ಕಹಳೆಯೊಂದಕ್ಕೆ ಮುಖವೊಡ್ಡಿ ಏರಿದ ಕಂಠದಿಂದಲೇ ಹಾಡಬೇಕಾಗಿತ್ತು. ಅಲ್ಲದೆ ಆರಂಭಕಾಲದ ಪ್ಲೇಟುಗಳೆಲ್ಲವೂ ಒಂದೇ ವೇಗದಲ್ಲಿ ಮುದ್ರಿತವಾದುವಲ್ಲ. ನಿಮಿಷಕ್ಕೆ 78 ಸುತ್ತು ಎಂಬುದು ಕಾಲಕ್ರಮದಲ್ಲಿ ನೆಲೆನಿಂತ ಕಟ್ಟಳೆ. ನಿಧಾನವಾಗಿ ಮುದ್ರಿಸಿದುದನ್ನು ವೇಗವಾಗಿ ತಿರುಗಿಸಿದರೆ ಶ್ರುತಿಯೂ ಏರುವುದು, ಕಾಲವೂ ಓಡುವುದು. ಗಾಯಕರ ಕಂಠವು ಕೀರಲೆಂದೂ ತಾಳದಲ್ಲಿ ಆತುರವೆಂದೂ ತೀರ್ಪುಕೊಡುವವರು, ದೋಷವು ವಿದ್ವಾಂಸರದೋ ಯಂತ್ರದ್ದೋ ಎಂದು ಮೊದಲು ವಿಚಾರಿಸಬೇಡವೆ?

ಗೌಹರ್ ಜಾನ್ ಅವರ ಜೀವನದ ಕೊನೆಯ ಭಾಗವು ನಮ್ಮ ಸಂಸ್ಥಾನಕ್ಕೇ ಸೇರಿದ್ದು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಿದರು; 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲಿಯೇ ಕಾಲವಾದರು. ದೇಶದಾದ್ಯಂತ ಪ್ಲೇಟುಗಳಿಂದ ಕೀರ್ತಿಪಡೆದ ಆ ಕಂಠವು ಇಳಿವಯಸ್ಸಿನಲ್ಲಿ ಹೇಗಿತ್ತು, ಸಭೆಯನ್ನು ನೋಡಿ ಹಾಡನ್ನು ಹೇಗೆ ಬೆಳೆಸುತ್ತಿತ್ತು ಎಂಬುದನ್ನು ಆ ಹಳೆಯ ಪ್ಲೇಟುಗಳು ಹೇಳಲಾರವು. ಎದುರಿಗೆ ಕುಳಿತು ಕೇಳಿದವರು ಮಾತ್ರ ಹೇಳಬಲ್ಲವರಾಗಿದ್ದರು. ಅವರೊಡನೆ ಆ ಅರಿವೂ ಹೊರಟುಹೋಯಿತು.

ಪ್ಲೇಟಿನ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ನಿದರ್ಶನವೊಂದು ನಮ್ಮ ನಾಡಿನಲ್ಲಿಯೇ ಉಂಟು. ಮೈಸೂರರಮನೆಯ ಮನ್ನಣೆಗೆ ಪಾತ್ರರಾಗಿದ್ದ ಅಬ್ದುಲ್ ಕರೀಂ ಖಾನ್ ಸಾಹೇಬರು ಹಿಂದೂಸ್ತಾನಿ ಸಂಗೀತದ ಮಹಾವಿದ್ವಾಂಸರಾಗಿದ್ದೂ ಕರ್ಣಾಟಕ ಸಂಗೀತವನ್ನು ಆದರದಿಂದ ಕೇಳಿ, ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಪ್ಲೇಟಿಗೂ ಹಾಡಿದರು. ಅವರೇ ಹಾಡಿದ ಝಿಂಝೋಟಿ ರಾಗದ ಠುಮ್ರಿಯ ಪ್ಲೇಟನ್ನು ಬಾಲಕನೊಬ್ಬನು ಅಂಗಡಿಯೊಂದರಲ್ಲಿ ಕೇಳಿ ಮರುಳಾದನು. 1922ರಲ್ಲಿ ಹುಟ್ಟಿದ ಆ ಬಾಲಕನು 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟನು. ಅವನೇ ಮುಂದೆ ಜಗತ್ಪ್ರಸಿದ್ಧರಾದ ಭೀಮಸೇನ ಜೋಶಿಯವರು. ಉತ್ತರದೇಶದಲ್ಲೆಲ್ಲ ಅಲೆದ ಮೇಲೆ ಅವರಿಗೆ ಗುರುಗಳು ದೊರೆತದ್ದು ಹುಟ್ಟೂರಿನ ಸಮೀಪದಲ್ಲಿಯೇ: ಕುಂದಗೋಳದ ಸವಾಯಿ ಗಂಧರ್ವರು, ಆ ಖಾನ್ ಸಾಹೇಬರ ಶಿಷ್ಯರೇ. ಹಂಬಲವನ್ನು ಹೊತ್ತಿಸಿದ್ದು ಪ್ಲೇಟು. ವಿದ್ಯೆಯನ್ನು ಕೊಟ್ಟದ್ದು ಗುರುಮುಖ. ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸಲಾರದು.

ಇನ್ನು ಸಭೆಯಲ್ಲಿ ಕುಳಿತ ಕೇಳುಗರ ಮಾತಿನ ಬೆಲೆಯನ್ನು ನೋಡೋಣ. 1931ರಲ್ಲಿ ದಿವಂಗತರಾದ ಬಿಡಾರಂ ಕೃಷ್ಣಪ್ಪನವರು ಕನ್ನಡದ ದೇವರನಾಮಗಳಿಗೆ ಕಚೇರಿಯ ವೇದಿಕೆಯಲ್ಲಿ ಗೌರವಸ್ಥಾನವನ್ನು ದೊರಕಿಸಿದವರು. ಪಿಟೀಲು ಚೌಡಯ್ಯನವರಂತಹ ಶಿಷ್ಯರನ್ನು ತಯಾರುಮಾಡಿದವರು. ಸಂಗೀತಕ್ಕಾಗಿಯೇ ಅವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಅಲ್ಲಿ ಕೇಳಿದವರು ಮಕ್ಕಳಿಗೆ ಹೇಳಿ, ಶಿಷ್ಯರು ಶಿಷ್ಯರಿಗೆ ಹೇಳಿ, ಅವರ ಗಾನದ ಗಾಂಭೀರ್ಯವು ಬಾಯಿಂದ ಬಾಯಿಗೆ ಉಳಿದುಬಂದಿತು. ಈ ಮಾತುಕತೆಯನ್ನು ಕಾಡುಹರಟೆಯೆಂದು ತಳ್ಳಿಹಾಕಬಾರದು. ಅದೇ ಚರಿತ್ರೆಯ ಸಾಮಗ್ರಿ.

ಕೇಳುಗರ ಅಭಿಮಾನವು ಎಷ್ಟು ದೂರಕ್ಕೆ ಕೈಚಾಚಬಲ್ಲದೆಂಬುದನ್ನೂ ಮೈಸೂರು ಲೋಕಕ್ಕೆ ತೋರಿಸಿದೆ. ಶ್ರೀ ಜಯಚಾಮರಾಜ ಒಡೆಯರು ನಮ್ಮ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳನ್ನೂ ಅಪಾರವಾಗಿ ಸಂಗ್ರಹಿಸಿದ್ದರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರರು ಲಂಡನ್ನಿನಲ್ಲಿ ಅನಾರೋಗ್ಯದಿಂದ ದಿನ ಕಳೆಯುತ್ತಿದ್ದಾಗ, ಒಡೆಯರು ದ್ರವ್ಯಸಹಾಯವನ್ನಿತ್ತು, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿಡುವಂತೆ ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ನುಡಿಸಾಣಿಕೆಯು ಲೋಕಕ್ಕೆ ಇಲ್ಲವಾಗುತ್ತಿತ್ತು. ತಾವು ಮೆಚ್ಚಿದುದನ್ನು ತಮ್ಮೊಬ್ಬರಲ್ಲಿಯೇ ಇರಿಸಿಕೊಳ್ಳದೆ ಹಂಚಿಕೊಂಡ ಕೇಳುಗರ ಔದಾರ್ಯವಿದು.

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರನ್ನು ಮುಂದೆ ಭಾರತವೇ ಒಪ್ಪಿಕೊಂಡಿತು. ಪ್ಲೇಟು ಮನೆಗೆ ತಂದ ಗಾನವನ್ನು ಬಾನುಲಿಯು ಏಕಕಾಲದಲ್ಲಿ ಸಾವಿರ ಮನೆಗಳಿಗೆ ಹಂಚಿತು. ಇಂದಂತೂ ನೂರು ವರ್ಷಗಳ ಹಿಂದಿನ ಪ್ಲೇಟುಗಳು ಅಂಗೈಯಗಲದ ಯಂತ್ರದಲ್ಲಿ ದೊರೆಯುತ್ತಿವೆ. ದೊರೆಯುವುದು ಹೆಚ್ಚಿದಷ್ಟೂ ಕೂಡಿ ಕೇಳುವುದು ಕಡಮೆಯಾಗುತ್ತಿದೆ. ಒಬ್ಬೊಬ್ಬರ ಕಿವಿಗೂ ಒಂದೊಂದು ಕಚೇರಿ, ಮಾತಿಗೆ ಎಡೆಯಿಲ್ಲ.

ಆದಕಾರಣ ನಮ್ಮ ಸೂಚನೆಯಿಷ್ಟೆ. ಹಳೆಯ ಧ್ವನಿಮುದ್ರಿಕೆಯನ್ನು ನಾಲ್ವರು ಕೂಡಿ ಕೇಳೋಣ. ಹಾಡಿದವರು ಯಾರು, ರಾಗತಾಳಗಳಾವುವು, ಮುದ್ರಣವು ಯಾವ ಕಾಲದ್ದು ಎಂಬುದನ್ನು ಮೊದಲು ತಿಳಿಯೋಣ. ಹಿರಿಯರು ತಾವು ಎದುರಿಗೆ ಕುಳಿತು ಕೇಳಿದ ಕಚೇರಿಗಳನ್ನು ನೆನೆದು ಹೇಳಲಿ. ಕಿರಿಯರು ಅದನ್ನು ಬರೆದಿಡಲಿ. ದೊಡ್ಡಬೆಳವಂಗಲದ ಕೇಳುಗನ ಕಿವಿಯು ಮೈಸೂರಿನವನ ಕಿವಿಗಿಂತ ಕಡಮೆಯದಲ್ಲ. ಒಬ್ಬನಿಗೆ ಕೇಳಿಸದ ಸೂಕ್ಷ್ಮವು ಇನ್ನೊಬ್ಬನಿಗೆ ಕೇಳಿಸೀತು. ಗೌಹರ್ ಜಾನ್ ಅವರು ಪ್ಲೇಟಿನ ಕೊನೆಯಲ್ಲಿ ತಮ್ಮ ಹೆಸರನ್ನಷ್ಟೆ ಹೇಳಿ ನಿಲ್ಲಿಸಿದರು. ಉಳಿದುದನ್ನು ಹೇಳಬೇಕಾದ ಹೊಣೆ ಕೇಳಿದವರದು.